ಕೆರೆಯ ಗಾಳವೂ ಕೃತಕವಾದ ಎರೆಯೂ



ಕನ್ನಡದಲ್ಲಿ ಎರೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಸಿ ನೆಲದಲ್ಲಿ ಹರಿದಾಡುವ ಹುಳುವೂ ಎರೆಯೆ. ಗಾಳಕ್ಕೆ ಸಿಕ್ಕಿಸುವ ಆಮಿಷವೂ ಎರೆಯೆ. ಈಗ ಆ ಹುಳುವಿನ ಸ್ಥಾನಕ್ಕೆ ಮೆದುವಾದ ಪ್ಲಾಸ್ಟಿಕ್ಕಿನ ಹುಳುವೊಂದು ಬಂದು ಕುಳಿತಿದೆ. ಅಂಬಲಪಾಡಿಯಿಂದ ಕಾರ್ಕಳದವರೆಗಿನ ನಮ್ಮ ಸೀಮೆಯ ಕೆರೆ, ಮದಗಗಳಲ್ಲಿ ಇದನ್ನು ಯಾವ ಋತುವಿನಲ್ಲಿ ಹೇಗೆ ಬಳಸಬೇಕು, ಯಾವಾಗ ಕೈತಡೆಯಬೇಕು ಎಂಬುದೇ ಇಂದಿನ ವಿಷಯ.

ಗಾಳದ ವಿನೋದವು ಹೊರದೇಶದಿಂದ ಬಂದದ್ದೆಂದು ಹಲವರು ಎಣಿಸುವುದುಂಟು. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಪ್ರಕರಣವಿದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಿಡಿಯುವ ಕ್ರಮ, ಎಲ್ಲವೂ ಅಲ್ಲಿ ನಿರೂಪಿತವಾಗಿವೆ. ನಮ್ಮ ಜಿಲ್ಲೆಗೂ ಈ ವಿದ್ಯೆಯ ಚರಿತ್ರೆಯಲ್ಲಿ ಸ್ಥಾನವುಂಟು. ಉಡುಪಿಯು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸರು 'ದಿ ರಾಡ್ ಇನ್ ಇಂಡಿಯಾ' ಎಂಬ ತಮ್ಮ ಪ್ರಸಿದ್ಧ ಗ್ರಂಥವನ್ನು 1873ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಕೆರೆಯ ಗಾಳವನ್ನೇ ಕುರಿತ ಅವರ ಮತ್ತೊಂದು ಪುಸ್ತಕವು 1887ರಲ್ಲಿ ಹೊರಬಂದಿತು.

ಮೆದುವಾದ ಕೃತಕ ಎರೆಯು ಇವರಿಬ್ಬರೂ ಕಾಣದ ವಸ್ತು. ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬಾತನು 1949ರಲ್ಲಿ ಇದನ್ನು ಸಿದ್ಧಪಡಿಸಿದನು. ಪಾಲಿವಿನೈಲ್ ಕ್ಲೋರೈಡ್ ಎಂಬ ಪುಡಿಯನ್ನು ಮೃದುಕಾರಕವಾದ ಎಣ್ಣೆಯಲ್ಲಿ ಕಲಸಿ, ಬಣ್ಣ ಬೆರೆಸಿ, ಕಾಯಿಸಿ ಅಚ್ಚಿಗೆ ಹೊಯ್ದರೆ, ಆರಿದ ಮೇಲೂ ಅದು ಗಟ್ಟಿಯಾಗದೆ ಬಳುಕುತ್ತಿರುತ್ತದೆ. ಅದರ ಗುಟ್ಟೆಲ್ಲ ಈ ಬಳುಕಿನಲ್ಲಿದೆ. ಮೀನಿನ ಎರಡು ಪಕ್ಕಗಳಲ್ಲಿಯೂ ಹಾಯುವ ಪಾರ್ಶ್ವರೇಖೆಯೆಂಬ ಇಂದ್ರಿಯವು ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಕದಡಿದ ನೀರಿನಲ್ಲಿ ಕಣ್ಣಿಗಿಂತ ಅದೇ ಹೆಚ್ಚು ಕೆಲಸ ಮಾಡುವುದು. ಮೇಲಾಗಿ ಗಾಳದ ಮೊನೆಯನ್ನು ಮೆದುವಾದ ಆ ಒಡಲಿನಲ್ಲಿಯೇ ಹುದುಗಿಸಬಹುದಾದುದರಿಂದ ಅದು ತಾವರೆಯ ದಂಟಿಗಾಗಲಿ ಪಾಚಿಗಾಗಲಿ ಸುಲಭವಾಗಿ ತೊಡರುವುದಿಲ್ಲ.

ನಮ್ಮ ಕೆರೆಗಳಲ್ಲಿ ಇಂಥ ಎರೆಗೆ ಎರಗುವ ಮುಖ್ಯ ಮೀನು ಕೊರವ, ತುಳುವಿನಲ್ಲಿ ಮಡೆಂಜಿ. ಇದು ಹೊಂಚುಹಾಕಿ ಹಿಡಿಯುವ ಬೇಟೆಗಾರ. ಕಿವಿರುಗಳಲ್ಲದೆ ತಲೆಯಲ್ಲಿ ಗಾಳಿಯ ಕೋಶವೂ ಇರುವುದರಿಂದ ಆಗಾಗ ಮೇಲಕ್ಕೆ ಬಂದು ಉಸಿರೆಳೆದುಕೊಳ್ಳುತ್ತದೆ. ಆಗ ನೀರಿನ ಮೇಲೆ ಏಳುವ ಸಣ್ಣ ಬಳೆಯೇ ಗಾಳದವನಿಗೆ ದಿಕ್ಕು ತೋರುವ ಗುರುತು.

ಇನ್ನು ಋತುಗಳ ಮಾತು. ಮಳೆಗಾಲವು ಹಿಂದೆಗೆದು ಕೆಸರು ತಂಗಿ ನೀರು ತಿಳಿಯಾಗತೊಡಗಿದಾಗ ಎಳೆಯ ಮೀನು, ಕಪ್ಪೆಗಳು ದಡದ ಹುಲ್ಲಿನಲ್ಲಿ ತುಂಬಿರುತ್ತವೆ. ಕಪ್ಪೆಯ ಆಕಾರದ ತೇಲುವ ಎರೆಯನ್ನು ಎಲೆಗಳ ಮೇಲೆ ನಿಧಾನವಾಗಿ ಎಳೆಯಲು ಇದೇ ಸಮಯ. ಮೀನು ಬಡಿದ ಕ್ಷಣದಲ್ಲಿಯೇ ಜಗ್ಗದೆ, ದಾರ ಬಿಗಿಯುವವರೆಗೆ ತಾಳಬೇಕು. ಚಳಿಯ ತಿಂಗಳುಗಳಲ್ಲಿ ಮೀನು ಮಂದವಾಗುವುದರಿಂದ ಸಣ್ಣ ಹುಳುವಿನಂಥ ಎರೆಯನ್ನು ತಳದ ಹತ್ತಿರ ತಡೆದು ತಡೆದು ಆಡಿಸುವುದು ಲೇಸು; ತಿಳಿನೀರಿಗೆ ಕಂದು, ಹಸುರು ಮೊದಲಾದ ಸಹಜ ವರ್ಣಗಳು ಸಾಕು. ಬೇಸಗೆಯಲ್ಲಿ ಕೆರೆ ಬತ್ತುತ್ತದೆ, ಬಿಸಿನೀರಿನಲ್ಲಿ ಆಮ್ಲಜನಕ ಕಡಮೆಯಾಗುತ್ತದೆ. ಬೆಳಗಿನ ಜಾವ, ಮುಸ್ಸಂಜೆ, ನೆರಳಿರುವ ದಡ, ಇವಿಷ್ಟೇ ಅನುಕೂಲವಾದವು.

ಮಳೆಗಾಲದ ಆರಂಭವು ಮಾತ್ರ ವಿಚಾರಕ್ಕೆ ತಕ್ಕದ್ದು. ಮೊದಲ ನೆರೆಗೆ ಗದ್ದೆ, ತೋಡುಗಳನ್ನು ಏರಿ ಬರುವ ಮೀನನ್ನು ಹಿಡಿಯುವುದು ನಮ್ಮಲ್ಲಿ ಹಳೆಯ ರೂಢಿ. ಕೊರವವು ಮುಖ್ಯವಾಗಿ ಸಂತಾನಕ್ಕೆ ತೊಡಗುವುದೂ ಆಗಲೇ. ಹುಲ್ಲಿನ ನಡುವೆ ಮೊಟ್ಟೆಯಿಟ್ಟು, ಕೆಂಬಣ್ಣದ ಮರಿಗಳ ದಟ್ಟವಾದ ಗುಂಪನ್ನು ತಂದೆತಾಯಿಗಳು ಕಾಯುತ್ತವೆ. ಆ ಗುಂಪಿನ ಮೇಲೆ ಎರೆಯನ್ನು ಹಾಯಿಸಿದರೆ ತಾಯಿಮೀನು ಹಸಿವಿನಿಂದಲ್ಲ, ಮರಿಗಳನ್ನು ರಕ್ಷಿಸುವುದಕ್ಕಾಗಿ ಎರಗುತ್ತದೆ. ಬೇಟೆ ಸುಲಭ, ಆದರೆ ಕಾವಲು ತಪ್ಪಿದ ನೂರಾರು ಮರಿಗಳು ಒಂದೆರಡು ದಿನಗಳಲ್ಲಿಯೇ ಇತರ ಮೀನುಗಳ ಪಾಲಾಗುತ್ತವೆ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಯನ್ನು ನಿಲ್ಲಿಸುವ ನಾವು, ಕೆರೆಯ ಅಂಚಿನಲ್ಲಿ ಅದೇ ಸಂಯಮವನ್ನು ಸ್ವಂತ ವಿವೇಕದಿಂದಲೇ ಏಕೆ ಪಾಲಿಸಬಾರದು? ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆಯ ಶಾಸನವೇ ಅಪರಾಧವೆಂದು ಸಾರಿತು. ಮರಿಗಾವಲಿನ ಮೀನನ್ನು ಬಿಟ್ಟುಬಿಡುವುದಕ್ಕೆ ಶಾಸನದ ಅಗತ್ಯವಿಲ್ಲ, ಕಣ್ಣಿದ್ದರೆ ಸಾಕು.

ಎರಡನೆಯ ಎಚ್ಚರಿಕೆಯು ಎರೆಗೇ ಸಂಬಂಧಪಟ್ಟದ್ದು. ಮಣ್ಣಿನ ಎರೆಹುಳುವು ಕೆರೆಗೆ ಬಿದ್ದರೆ ಕರಗುತ್ತದೆ, ಪ್ಲಾಸ್ಟಿಕ್ಕಿನದು ಕರಗುವುದಿಲ್ಲ. ಅದರೊಳಗಿನ ಎಣ್ಣೆಯು ಮೆಲ್ಲಗೆ ನೀರಿಗೆ ಸೇರುತ್ತದೆ. ಹರಿದ ತುಂಡನ್ನು ಮೀನು ನುಂಗಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿಯಬಹುದು. ಅದೇ ಕೆರೆಯ ಮೀನು ನಾಳೆ ನಮ್ಮ ಊಟದ ಎಲೆಗೂ ಬರುವುದೆಂಬುದನ್ನು ಮರೆಯಲಾಗದು. ಆದುದರಿಂದ ಹರಿದ ಎರೆ, ತುಂಡಾದ ದಾರ ಇವನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ತರುವುದು ಗಾಳ ಹಿಡಿದವನ ಮೊದಲ ಕರ್ತವ್ಯ.

ಮೀನನ್ನು ವಂಚಿಸುವ ಈ ವಿದ್ಯೆಯಲ್ಲಿ ಕೆರೆಯನ್ನು ವಂಚಿಸದಿರುವುದೇ ನಿಜವಾದ ಕುಶಲತೆ.