ಮೊಬೈಲಿನಲ್ಲಿ ಇಸ್ಪೀಟಾಟ

ಇಸ್ಪೀಟೆಂಬ ಮಾತು ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಅನೇಕರಿರುವರು. ಎಲೆಯಾಟದಿಂದ ಹೊಲಮನೆಗಳನ್ನು ಕಳೆದುಕೊಂಡವರ ಕಥೆಗಳನ್ನು ಕೇಳಿ ಬೆಳೆದವರಿಗೆ ಆ ಶಂಕೆಯು ಸಹಜವೇ ಸರಿ. ಆದರೆ ಇಂದು ಆ ಆಟವು ಅರಳಿಕಟ್ಟೆಯಿಂದ ಅಂಗೈಯ ಮೊಬೈಲಿಗೆ ಬಂದಿದೆ. ಲೋಕಿಕೆರೆಯಲ್ಲಿ ಒಬ್ಬಳು, ಹರಿಹರದಲ್ಲಿ ಇನ್ನೊಬ್ಬಳು, ದಾವಣಗೆರೆ ಬೆಂಗಳೂರುಗಳಲ್ಲಿ ಮತ್ತಿಬ್ಬರು, ಹೀಗೆ ಚೆದುರಿಹೋದ ನಾಲ್ವರು ಸಹಪಾಠಿಗಳು ತಂತಮ್ಮ ಮನೆಗಳಲ್ಲಿ ಕುಳಿತೇ ಒಂದಾಟದಲ್ಲಿ ಕೂಡಬಹುದು. ಇದರ ಬಗೆಯೇನು, ಕೇಡೆಲ್ಲಿದೆ ಎಂಬುದನ್ನು ತಂದೆತಾಯಿಗಳು ತಿಳಿದಿರುವುದು ಲೇಸು.

ಎಲೆಯಾಟವು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಆಟಗಳಿಗೆ ಆಶ್ರಯವಿತ್ತರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಆ ಆಟಗಳ ವಿವರಣೆಯಿದೆ.

ದಕ್ಷಿಣದೇಶದಲ್ಲಿ ಬಳಕೆಯಲ್ಲಿರುವ ‘ಇಪ್ಪತ್ತೆಂಟು’ ಎಂಬ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ನಾಲ್ವರು, ಎರಡು ಪಕ್ಷ, 32 ಎಲೆಗಳು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕ. ರಾಜ ರಾಣಿಯರಿಗೆ ಸೊನ್ನೆ! ನಾಲ್ಕು ಬಣ್ಣಗಳನ್ನೂ ಕೂಡಿಸಿದರೆ 28 ಆಗುವುದು. ಆಟದ ಹೆಸರು ಅದರಿಂದಲೇ ಬಂದಿದೆ. ಲೆಕ್ಕ, ಜ್ಞಾಪಕಶಕ್ತಿ, ಜೊತೆಗಾತಿಯ ಮನಸ್ಸನ್ನು ಊಹಿಸುವ ಜಾಣ್ಮೆ, ಈ ಮೂರೂ ಇಲ್ಲಿ ಬೇಕು.

ಮೊಬೈಲಿನಲ್ಲಿ ಎಲೆಗಳನ್ನು ಕಲಸುವವರು ಯಾರು? ದೂರದಲ್ಲಿರುವ ಸರ್ವರೆಂಬ ಯಂತ್ರವು. ಅದು ಕಡೆಯ ಎಲೆಯಿಂದ ಮೊದಲ್ಗೊಂಡು, ಉಳಿದವುಗಳಲ್ಲಿ ಒಂದನ್ನು ಚೀಟಿಯೆತ್ತಿದಂತೆ ಆರಿಸಿ ಸ್ಥಾನ ಬದಲಿಸುತ್ತ ಬರುವುದು. ಫಿಷರ್ ಮತ್ತು ಯೇಟ್ಸ್ ಎಂಬ ಪಂಡಿತರು 1938ರಲ್ಲಿ ಪ್ರಕಟಿಸಿದ ಕ್ರಮವೇ ಇದಕ್ಕೆ ಮೂಲ. 52 ಎಲೆಗಳ ಕಟ್ಟನ್ನು ಜೋಡಿಸಬಹುದಾದ ಬಗೆಗಳನ್ನು ಎಣಿಸಿದರೆ 68 ಅಂಕಿಗಳ ಸಂಖ್ಯೆಯಾಗುವುದು! ಒಳ್ಳೆಯ ಏರ್ಪಾಡಿನಲ್ಲಿ ಸರ್ವರು ಪ್ರತಿಯೊಬ್ಬಳ ಮೊಬೈಲಿಗೆ ಅವಳ ಎಲೆಗಳನ್ನು ಮಾತ್ರ ಕಳುಹಿಸುವುದು. ನಿಯಮ ಮೀರಿದ ಎಲೆಯನ್ನು ಸ್ವೀಕರಿಸದು. ಆದುದರಿಂದ ಎಲೆಯನ್ನು ಸೆರಗಿನಲ್ಲಿ ಅಡಗಿಸುವ ಮೋಸಕ್ಕೆ ಅಲ್ಲಿ ಎಡೆಯಿಲ್ಲ. ಗೆಳತಿಯರೇ ಆಡಬೇಕೆಂದರೆ ಒಬ್ಬಳು ‘ಕೋಣೆ’ಯನ್ನು ತೆರೆದು ಅದರ ಗುಟ್ಟಿನ ಸಂಖ್ಯೆಯನ್ನು ಉಳಿದವರಿಗೆ ತಿಳಿಸುವಳು. ಅಪರಿಚಿತರ ಕೂಟದಲ್ಲಾದರೋ, ಎದುರಾಳಿಯು ಮನುಷ್ಯನಾಗಿರದೆ ಯಂತ್ರವೇ ಆಗಿರಬಹುದೆಂಬುದನ್ನು ಮರೆಯತಕ್ಕದ್ದಲ್ಲ.

ಕೇಡು ಬರುವುದು ಎಲೆಯಿಂದಲ್ಲ, ಪಣದಿಂದ. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸು ಕಾಯಿದೆಯನ್ನು ತಿದ್ದಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಗೊಳಿಸಿತು. ಬಳಿಕ ಪಾರ್ಲಿಮೆಂಟು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯೊಂದನ್ನು ಅಂಗೀಕರಿಸಲು, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವಾಯಿತು. ಅದರಂತೆ ಹಣದ ಆಟವನ್ನು ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಪಣವಿಲ್ಲದ ವಿನೋದದ ಆಟಗಳಿಗೆ ಅಡ್ಡಿಯಿಲ್ಲ.

ಪಣವಿಲ್ಲದ ಆಟದಲ್ಲಿಯೂ ಎಚ್ಚರವು ಬೇಕು. ದಿನವೂ ಬಿಟ್ಟಿಯಾಗಿ ದೊರೆಯುವ ‘ನಾಣ್ಯ’ಗಳು ಮುಗಿದೊಡನೆ, ರೂಪಾಯಿ ಕೊಟ್ಟು ಕೊಳ್ಳಿರೆಂದು ಪರದೆಯು ಕರೆಯುವುದು. ಆ ನಾಣ್ಯಗಳನ್ನು ಎಷ್ಟು ಗೆದ್ದರೂ ಅಂಗಡಿಯಲ್ಲಿ ಒಂದು ಸೇರು ಅಕ್ಕಿಯೂ ದೊರೆಯದು. ಆದುದರಿಂದ ಮಗಳು ಆಡುತ್ತಿದ್ದರೆ ಗದರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ: ಯಾರೊಡನೆ ಆಡುತ್ತಿರುವೆ? ಹಣವೇನಾದರೂ ಕೊಡಬೇಕೆ? ಎಷ್ಟು ಹೊತ್ತಿಗೆ ಏಳುವೆ? ಈ ಮೂರಕ್ಕೂ ಅವಳು ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರೆ, ಮುಂದಿನ ಆಟಕ್ಕೆ ನೀವೂ ಒಂದು ಕೈಯಾಗಬಹುದು.