ಮುತ್ತಜ್ಜನ ಹೆಂಡತಿ ಹೆಸರು ಎಂತ?

ಮಂಗಳೂರು: ಮುತ್ತಜ್ಜನ ಹೆಸರು ಕೇಳಿದರೆ ತಟ್ಟನೆ ಹೇಳುವವರುಂಟು. ಅವನ ಹೆಂಡತಿಯ ಹೆಸರು? "ಅಜ್ಜಿ" ಎಂದಷ್ಟೇ ಉತ್ತರ. ಅವಳಿಗೂ ಒಂದು ತವರು, ಒಬ್ಬ ಅಪ್ಪ, ಒಂದು ಹೆಸರು ಇತ್ತಲ್ಲ ಮಾರಾಯ್ರೆ! ಆಸ್ತಿ ತಕರಾರು ಕೋರ್ಟು ಮೆಟ್ಟಿಲೇರಿ, ಮೊದಲನೆಯವಳ ಮಕ್ಕಳು ಯಾರು, ಎರಡನೆಯವಳ ಮಕ್ಕಳು ಯಾರು ಎಂಬ ಪ್ರಶ್ನೆ ಎದ್ದಾಗಲೇ ಹಳೇ ಪೆಟ್ಟಿಗೆ ತಡಕಾಟ ಶುರು.

ಕೆಥೊಲಿಕರ ಮನೆಯಾದರೆ ಇಗರ್ಜಿ ಪುಸ್ತಕವೇ ಆಧಾರ. ಪಾದ್ರಿಗಳು ಮದುವೆ ಪುಸ್ತಕ ಇಡಬೇಕು, ವಧೂವರರ ಹೆಸರು, ಸಾಕ್ಷಿಗಳ ಹೆಸರು, ದಿನ, ಸ್ಥಳ ಬರೆಯಬೇಕು ಎಂದು 1563ರಲ್ಲೇ ಟ್ರೆಂಟ್ ಧರ್ಮಸಭೆ ಕಟ್ಟಪ್ಪಣೆ ಮಾಡಿತ್ತು.

ಹಾಗೆಂದು ನೇರ ಮದುವೆ ಪುಸ್ತಕಕ್ಕೆ ಕೈ ಹಾಕಿದರೆ ಕೆಲಸ ಕೆಟ್ಟಿತು. ಡಿಸೋಜರು ಊರಿಗೆ ನೂರು. ಯಾವ ಪೆದ್ರು ಯಾರ ಗಂಡ? ತಿಳಿದವರು ಮಕ್ಕಳಿಂದ ಹಿಂದಕ್ಕೆ ಹೋಗುತ್ತಾರೆ. ಹಿರಿಯ ಮಗುವಿನ ಜ್ಞಾನಸ್ನಾನದ ದಾಖಲೆಯಲ್ಲಿ ಅಪ್ಪ, ಅಮ್ಮ, ಧರ್ಮಪಿತ, ಧರ್ಮಮಾತೆ ಸಿಗುತ್ತಾರೆ. ಅಲ್ಲಿಂದ ಒಂದೆರಡು ವರ್ಷ ಹಿಂದೆ ಸರಿದು ಮದುವೆ ಪುಸ್ತಕ ನೋಡಬೇಕು. ಗಂಡಿನ ಊರಲ್ಲಿ ಸಿಗದಿದ್ದರೆ ಹೆಣ್ಣಿನ ಊರಿನ ಇಗರ್ಜಿಗೆ ಬಸ್ಸು ಹತ್ತಬೇಕು. ಹೆಸರೊಂದನ್ನೇ ನಂಬಬಾರದು, ಅಪ್ಪನ ಹೆಸರು, ಊರು, ಸಾಕ್ಷಿ ಮೂರೂ ಕೂಡಿ ಬರಬೇಕು. ಲ್ಯಾಟಿನ್ ಬರಹವಾದರೆ ಫ್ರಾನ್ಸಿಸ್ ಎಂಬವ ಫ್ರಾನ್ಸಿಸ್ಕುಸ್ ಆಗಿ ಕೂತಿರುತ್ತಾನೆ, ಹೆದರಬೇಕಿಲ್ಲ.

1908ರಿಂದ ಈಚೆಗೆ ಇನ್ನೊಂದು ಅನುಕೂಲ. ಮದುವೆಯಾದವರ ಜ್ಞಾನಸ್ನಾನದ ದಾಖಲೆಯಲ್ಲೇ ಆ ಮದುವೆಯನ್ನೂ ಗುರುತು ಹಾಕಬೇಕೆಂಬ ನಿಯಮ ಬಂತು. ಒಂದೇ ಪುಟದಲ್ಲಿ ಹುಟ್ಟೂ ಉಂಟು, ಸಂಗಾತಿಯೂ ಉಂಟು.

ತೀರಾ ಹಿಂದೆ ಹೋಗುವುದು ಮಾತ್ರ ಕಷ್ಟ. 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಇಗರ್ಜಿಗಳನ್ನು ಕೆಡವಿದರು. ಬದುಕುಳಿದವರು ಬಿಡುಗಡೆಯಾಗಿದ್ದು 1799ರಲ್ಲಿ. ಇಗರ್ಜಿಯೇ ಬಿದ್ದಲ್ಲಿ ಪುಸ್ತಕ ಉಳಿಯುವುದೆಲ್ಲಿ?

ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದ ಮನೆಗಳಲ್ಲಿ ಲೆಕ್ಕವೇ ತಲೆಕೆಳಗು. ಅಲ್ಲಿ ಅಜ್ಜಿ ಹೆಸರುಂಟು, ಅಜ್ಜನೇ ನಾಪತ್ತೆ! ಬಳಿ ತಾಯಿಯದು, ಆಸ್ತಿ ತಾಯಿಯ ಕವರಿನದು. ಕುಟುಂಬದ ಆಸ್ತಿಯಲ್ಲಿ ಗಂಡನಿಗೆ ಪಾಲಿಲ್ಲದ ಮೇಲೆ ಪಾಲುಪಟ್ಟಿಯಲ್ಲಿ ಅವನ ಹೆಸರು ಬರೆಯುವ ಗೋಜು ಯಾರಿಗೆ ಬೇಕಿತ್ತು? ಇಂಥಲ್ಲಿ ದಾನಪತ್ರ ಕೈ ಹಿಡಿದೀತು. ತನ್ನ ಸ್ವಂತ ದುಡಿಮೆಯ ಜಾಗ ಅಳಿಯನ ಪಾಲಾಗದಿರಲೆಂದು ಹೆಂಡತಿ ಮಕ್ಕಳ ಹೆಸರಿಗೆ ಬರೆದುಕೊಟ್ಟ ಗಂಡಂದಿರಿದ್ದರು. ಅಂಥ ಪತ್ರ ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಗಂಡ, ಹೆಂಡತಿ, ಮಕ್ಕಳು ಒಂದೇ ಕಡೆ ಸಿಕ್ಕಾರು.

ನೀತಿ ಇಷ್ಟೇ: ಯಾರಿಗೆ ಪಾಲುಂಟೋ ಅವರ ಹೆಸರು ಕಾಗದದಲ್ಲಿ ಉಳಿಯಿತು, ಉಳಿದವರದು ಅಳಿಯಿತು.

ಈಗ ಹಾಗಾಗಬೇಕಿಲ್ಲ. ಕರ್ನಾಟಕದಲ್ಲಿ 1976ರ ಮದುವೆ ನೋಂದಣಿ ಕಾಯ್ದೆ ಇದೆ. ಎಲ್ಲ ಧರ್ಮದವರ ಮದುವೆಯನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿದೆ. ಛತ್ರಕ್ಕೆ, ಊಟಕ್ಕೆ, ಬ್ಯಾಂಡಿಗೆ ಲಕ್ಷಗಟ್ಟಲೆ ಸುರಿದವರು ಕಚೇರಿಗೆ ಹೋಗಿ ಒಂದು ಸಹಿ ಹಾಕಲು ಮಾತ್ರ "ನಾಳೆ ನೋಡುವ" ಅಂತಾರೆ. ಊಟ ಅವತ್ತಿಗೇ ಕರಗಿತು; ಮರಿಮಕ್ಕಳ ಕಾಲಕ್ಕೆ ಉಳಿಯುವುದು ಆ ಸಹಿ ಒಂದೇ.