ಸೀಲ್ ಹಾಕಿದ ಪೆಟ್ಟಿಗೆಯೊಳಗಿನ ಬೆಂಕಿ

2025ರ ಜೂನ್ 9ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸೂರತ್ ಹದಿನೆಂಟು ನಾವಿಕರನ್ನು ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬಂತು. ಕೊಲಂಬೊದಿಂದ ಮುಂಬೈ ಬಳಿಯ ನವಾ ಶೇವಾಗೆ ಹೊರಟಿದ್ದ ‘ವಾನ್ ಹೈ 503’ ಕಂಟೇನರ್ ಹಡಗಿನಲ್ಲಿ, ಕೇರಳ ಕರಾವಳಿಯಾಚೆ ಅಂದು ಬೆಳಿಗ್ಗೆ ಸ್ಫೋಟವಾಗಿತ್ತು. ಗಾಯಾಳುಗಳು ಮಂಗಳೂರಿನ ಆಸ್ಪತ್ರೆ ಸೇರಿದರು. ಹಡಗಿನಲ್ಲಿದ್ದವರು 22 ಮಂದಿ. ನಾಲ್ವರು ಕಾಣೆಯಾಗಿದ್ದರು.

ಹಡಗಿಗೆ ಬೆಂಕಿ ಬೀಳುವುದು ಹಡಗಿನಷ್ಟೇ ಹಳೆಯದು. ಆದರೆ ತಾವು ಹೊತ್ತೊಯ್ಯುತ್ತಿರುವುದು ಏನೆಂದು ಕಣ್ಣಾರೆ ಕಾಣದ ನಾವಿಕರು ಆ ಬೆಂಕಿಯ ಎದುರು ನಿಲ್ಲಬೇಕಾದ ಸ್ಥಿತಿ ಹುಟ್ಟಿದ್ದು ಕಂಟೇನರ್‌ನ ಜೊತೆಗೆ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಅದರ ಹಿಂದಿದ್ದವನು ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್. ಹಮಾಲರು ಮೂಟೆ, ಪೀಪಾಯಿಗಳನ್ನು ಒಂದೊಂದಾಗಿ ಹೊತ್ತು ತುಂಬುವಾಗ ಟನ್ನಿಗೆ ಸುಮಾರು 5.86 ಡಾಲರ್ ಆಗುತ್ತಿದ್ದ ಖರ್ಚು 16 ಸೆಂಟ್‌ಗೆ ಇಳಿಯಿತು. ದಕ್ಕೆಯ ಕಳ್ಳತನವೂ ತಗ್ಗಿತು. ಆದರೆ ಸೋರುವ ಪೀಪಾಯಿಯನ್ನು ನೋಡಿ, ವಾಸನೆ ಹಿಡಿದು, ಇದು ಬೇಡವೆಂದು ಪಕ್ಕಕ್ಕಿಡುತ್ತಿದ್ದ ಹಮಾಲರೂ ಇಲ್ಲವಾದರು. ಕ್ಯಾಪ್ಟನ್‌ನ ಕೈಗೆ ಉಳಿದದ್ದು ಸರಕಿನ ಪಟ್ಟಿ ಮಾತ್ರ.

ಅಪಾಯಕಾರಿ ಸರಕು ಎಂದು ನಮೂದಿಸಿದರೆ ಬಾಡಿಗೆ ಹೆಚ್ಚು, ತಪಾಸಣೆ ಹೆಚ್ಚು, ಕೆಲವು ಹಡಗು ಕಂಪನಿಗಳು ಒಲ್ಲೆ ಎನ್ನುವುದೂ ಉಂಟು. ಹಾಗಾಗಿ ಕಳಿಸುವವರಲ್ಲಿ ಕೆಲವರು ಹೆಸರು ಬದಲಿಸಿ ಕಳಿಸುತ್ತಾರೆ. ಈಜುಕೊಳದ ನೀರು ಶುದ್ಧಮಾಡುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಈ ವಿಷಯದಲ್ಲಿ ಕುಖ್ಯಾತ. 1998ರಲ್ಲಿ ಬ್ರೆಜಿಲ್ ಕರಾವಳಿಯಾಚೆ ‘ಡಿಜಿ ಹಾರ್ಮನಿ’ ಹಡಗು ಹೊತ್ತಿ ಉರಿದದ್ದು ಇದೇ ಸರಕಿನಿಂದ. ಬಿಸಿಯೇರಿದರೆ ಅದು ತಾನೇ ಆಮ್ಲಜನಕ ಬಿಡುತ್ತದೆ. ಹಡಗಿನ ಒಡಲಿನಲ್ಲಿ ಬೆಂಕಿ ಆರಿಸಲು ಇರುವ ಮುಖ್ಯ ಆಯುಧ ಇಂಗಾಲದ ಡೈಆಕ್ಸೈಡ್. ಗಾಳಿಯನ್ನು ಕಟ್ಟಿ ಬೆಂಕಿಯನ್ನು ಉಸಿರುಗಟ್ಟಿಸುವುದು ಅದರ ಕೆಲಸ. ತನ್ನ ಉಸಿರನ್ನು ತಾನೇ ತಯಾರಿಸಿಕೊಳ್ಳುವ ಸರಕಿನ ಮುಂದೆ ಅದೇನು ಮಾಡೀತು?

ಪಟ್ಟಿ ಸುಳ್ಳಾಡದಿದ್ದರೂ ಸಾವು ತಪ್ಪಲಿಲ್ಲ ಎಂಬುದಕ್ಕೆ 2012ರ ‘ಎಂಎಸ್‌ಸಿ ಫ್ಲಾಮಿನಿಯಾ’ ಸಾಕ್ಷಿ. ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಡೈವಿನೈಲ್‌ಬೆಂಜೀನ್ ದ್ರವ ತುಂಬಿದ್ದ ಮೂರು ಟ್ಯಾಂಕ್‌ಗಳನ್ನು ನ್ಯೂ ಆರ್ಲಿಯನ್ಸ್‌ನಲ್ಲಿ ಆ ಹಡಗು ಹೇರಿಕೊಂಡಿತ್ತು. ತಂಪಾಗಿದ್ದರೆ ಮಾತ್ರ ಸುಮ್ಮನಿರುವ ದ್ರವವದು. ಹಡಗೇರುವ ಮುನ್ನ ಆ ಟ್ಯಾಂಕ್‌ಗಳು ಜೂನ್ ತಿಂಗಳ ಬಿಸಿಲಿನಲ್ಲಿ ಬಂದರಿನಂಗಳದಲ್ಲಿ ಹತ್ತು ದಿನದಷ್ಟು ಕಾದು ನಿಂತಿದ್ದವು. ಹಡಗಿನಲ್ಲಿ ಸಿಕ್ಕ ಜಾಗವೂ ಬಿಸಿ ಮಾಡಿದ ಇಂಧನ ತೊಟ್ಟಿಗಳ ಸನಿಹದ್ದು. ಜುಲೈ 14ರ ಬೆಳಿಗ್ಗೆ ಅಟ್ಲಾಂಟಿಕ್ ನಡುವೆ ಎಚ್ಚರಿಕೆಯ ಗಂಟೆ ಹೊಡೆಯಿತು. ಒಡಲಿನಿಂದ ಎದ್ದದ್ದನ್ನು ಹೊಗೆಯೆಂದುಕೊಂಡ ಸಿಬ್ಬಂದಿ ಅನಿಲ ಬಿಟ್ಟರು, ಆಮೇಲೆ ಪೈಪು ಹಿಡಿದು ನೀರು ಹಾಯಿಸಲು ಹೋದರು. ಅಷ್ಟರಲ್ಲಿ ಒಡಲು ಸಿಡಿಯಿತು. ಮೂವರು ಜೀವ ತೆತ್ತರು. ಬಂದರಿನಂಗಳದ ಬಿಸಿಲಿನ ಕಥೆ ಅವರಿಗೆ ತಿಳಿಯುವುದಾದರೂ ಹೇಗೆ? ಉರಿದ ಹಡಗಿಗೆ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫನ್ ಬಂದರು ಸಿಕ್ಕಿದ್ದು ಸೆಪ್ಟೆಂಬರ್ 9ಕ್ಕೆ. ಸುಮಾರು ಎಂಟು ವಾರ!

ಆಮೇಲೆ ಒಂದು ಹೊಸ ಉಪಕರಣ ಕಡ್ಡಾಯವಾಯಿತು. 2016ರ ಜನವರಿ 1ರಿಂದಾಚೆಗೆ ಕಟ್ಟುವ, ಡೆಕ್ ಮೇಲೆ ಕಂಟೇನರ್ ಹೊರುವ ಹಡಗಿನಲ್ಲಿ ಒಂದಾದರೂ ಈಟಿಯಂಥ ಕೊಳವೆ ಇರಬೇಕು. ಅದರ ಮೊನೆ ಕಂಟೇನರ್‌ನ ಉಕ್ಕಿನ ಗೋಡೆಯನ್ನು ತೂರಿ ಒಳಗೆ ನೀರಿನ ತುಂತುರು ಚಿಮ್ಮಬೇಕು. ಒಳ್ಳೆಯದೇ. ಆದರೆ ಅದನ್ನು ಹಿಡಿದವನು ಉರಿಯುವ ಪೆಟ್ಟಿಗೆಯ ಪಕ್ಕದಲ್ಲೇ ನಿಲ್ಲಬೇಕು. ಬೆಂಕಿ ಆರೇಳು ಪೆಟ್ಟಿಗೆ ಎತ್ತರದಲ್ಲಿದ್ದರೆ ಅಲ್ಲಿಗೆ ಅವನ ಕೈ ಮುಟ್ಟುವುದಿಲ್ಲ. ಪಟ್ಟಿಯಲ್ಲಿ ತೂಕವೂ ಸುಳ್ಳಾಗುತ್ತಿದ್ದುದರಿಂದ ಅದೇ ವರ್ಷ ಜುಲೈಯಿಂದ ತುಂಬಿದ ಕಂಟೇನರ್‌ನ ತೂಕವನ್ನು ಖಚಿತಪಡಿಸದೆ ಹಡಗೇರಿಸುವಂತಿಲ್ಲ ಎಂಬ ನಿಯಮವೂ ಬಂತು. 2007ರಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲಿ ಕೆಟ್ಟುನಿಂತ ‘ಎಂಎಸ್‌ಸಿ ನಾಪೋಲಿ’ಯ ಡೆಕ್ ಮೇಲಿನ ಸುಮಾರು 660 ಪೆಟ್ಟಿಗೆಗಳಲ್ಲಿ 137ರ ನಿಜ ತೂಕ ಪಟ್ಟಿಯಲ್ಲಿದ್ದದ್ದಕ್ಕಿಂತ ಮೂರು ಟನ್ನಿಗೂ ಹೆಚ್ಚು ಬೇರೆಯಾಗಿತ್ತು.

2018ರ ಮಾರ್ಚ್ 6ರಂದು ನಮ್ಮ ಅರಬ್ಬೀ ಸಮುದ್ರದಲ್ಲೇ ‘ಮರ್ಸ್ಕ್ ಹೊನಾಮ್’ ಉರಿಯಿತು. ಕಟ್ಟಿ ಇನ್ನೂ ಒಂದು ವರ್ಷವಾಗದ, ಹದಿನೈದು ಸಾವಿರ ಪೆಟ್ಟಿಗೆ ಹಿಡಿಸುವ ಹಡಗದು. ಮೂರನೆಯ ಒಡಲಿನಲ್ಲಿ ಸೋಂಕುನಿವಾರಕ ರಾಸಾಯನಿಕವೊಂದು 54 ಕಂಟೇನರ್‌ಗಳಲ್ಲಿ ಸುಮಾರು ಸಾವಿರ ಟನ್ ಇತ್ತು. ಆ ಒಡಲಿನ ಹಿಂದೆಯೇ ನಾವಿಕರು ಮಲಗುವ, ಉಣ್ಣುವ ಮನೆ. ಅನಿಲ ಬಿಟ್ಟರೂ ಬೆಂಕಿ ಬಗ್ಗಲಿಲ್ಲ. 27 ಮಂದಿಯಲ್ಲಿ ಐವರು ಸತ್ತರು. ಬೆಂಕಿಯ ಮೂಲವನ್ನು ತನಿಖೆ ಖಚಿತವಾಗಿ ಹೇಳಲಾಗಲಿಲ್ಲ, ಆದರೆ ಬಲವಾದ ಅನುಮಾನ ಆ ರಾಸಾಯನಿಕದ ಮೇಲೆಯೇ. ನಾವಿಕರ ವಸತಿಯ ಬಳಿ ಇಂಥ ಸರಕು ಇಡಬಾರದೆಂದು ಕಂಪನಿ ತನ್ನ ನಿಯಮ ತಿದ್ದಿಕೊಂಡಿತು. ಇಷ್ಟು ಸರಳವಾದ ಎಚ್ಚರಿಕೆಗೆ ಐದು ಜೀವ ಹೋಗಬೇಕಾಯಿತು ಎನ್ನುವುದು ನನ್ನನ್ನು ಕಾಡುತ್ತದೆ.

ಅಪಾಯ ಮೊದಲೇ ಗೊತ್ತಾದರೂ ಇಳಿಸಿಕೊಳ್ಳುವವರಿಲ್ಲದ ಕಥೆ ‘ಎಕ್ಸ್-ಪ್ರೆಸ್ ಪರ್ಲ್’ದು. 2021ರ ಮೇ ತಿಂಗಳಲ್ಲಿ ಒಂದು ಕಂಟೇನರ್‌ನಿಂದ ನೈಟ್ರಿಕ್ ಆಮ್ಲ ಸೋರುತ್ತಿರುವುದು ಸಿಬ್ಬಂದಿಗೆ ತಿಳಿದಿತ್ತು. ಕತಾರ್‌ನ ಹಮದ್, ಗುಜರಾತಿನ ಹಜೀರಾ ಎರಡೂ ಬಂದರುಗಳಲ್ಲಿ ಆ ಕಂಟೇನರ್ ಇಳಿಯಲಿಲ್ಲ. ಹಡಗು ಕೊಲಂಬೊ ಬಳಿ ಹೊತ್ತಿಕೊಂಡು ಮುಳುಗಿತು, ಪ್ಲಾಸ್ಟಿಕ್ ಹರಳುಗಳು ಶ್ರೀಲಂಕಾದ ದಡದುದ್ದಕ್ಕೂ ಹರಡಿದವು. ಮೀನುಗಾರರ ಬದುಕು ಕೆಟ್ಟಿತು. 2025ರ ಜುಲೈಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನೂರು ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು.

ಹಡಗಿನ ಅಪಾಯಕಾರಿ ಸರಕಿನ ನಿಯಮಗಳಲ್ಲಿ ಇತ್ತೀಚಿನ ಒಂದು ತಿದ್ದುಪಡಿ ಇದ್ದಿಲಿಗೆ ಸಂಬಂಧಿಸಿದ್ದು. ತೆಂಗಿನ ಚಿಪ್ಪಿನಿಂದ ಮಾಡಿದ ಹುಕ್ಕಾ ಇದ್ದಿಲು ಪ್ರಯೋಗಾಲಯದ ಒಂದು ಪರೀಕ್ಷೆ ದಾಟಿದರೆ ಸಾಕು, ಸಾಮಾನ್ಯ ಸರಕಾಗಿ ಹಡಗೇರುತ್ತಿತ್ತು. ಪೂರ್ತಿ ತಣಿಯದ ಇದ್ದಿಲು ಮುಚ್ಚಿದ ಪೆಟ್ಟಿಗೆಯಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 2026ರ ಜನವರಿ 1ರಿಂದ ಆ ವಿನಾಯಿತಿ ಇಲ್ಲ. ಇದ್ದಿಲು ಎಂದರೆ ಅಪಾಯಕಾರಿ ಸರಕು ಎಂದೇ ನಮೂದಿಸಬೇಕು, ಸಾಮಾನ್ಯವಾಗಿ ಹದಿನಾಲ್ಕು ದಿನ ಗಾಳಿಗೆ ಹರವಿ ತಣಿಸಬೇಕು, ತುಂಬುವ ದಿನ ಅದರ ಬಿಸಿ 40 ಡಿಗ್ರಿ ಮೀರಬಾರದು. ತಯಾರಿಸಿದ ದಿನ, ತುಂಬಿದ ದಿನ, ಆಗಿನ ಬಿಸಿ ಎಷ್ಟೆಂಬ ಲೆಕ್ಕ ಕಾಗದದಲ್ಲಿ ಬರೆದಿರಬೇಕು. ಆ ಕಾಗದ ಬರೆಯುವವರು ಮಾತ್ರ ಇಂದಿಗೂ ಇದ್ದಿಲು ಕಳಿಸುವವರೇ.